ಎತ್ತುವವರಿಲ್ಲದ ಫೋನು

ಒಂದು ಮನೆಯ ಅಚ್ಚುಕಟ್ಟು ತಿಳಿಯಬೇಕಾದರೆ ಹಜಾರ ನೋಡಬೇಡ, ಬಚ್ಚಲು ನೋಡು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಸಂಸ್ಥೆಗಳ ವಿಷಯದಲ್ಲಿ ನಾನು ಈ ಮಾತನ್ನು ಸ್ವಲ್ಪ ಬದಲಾಯಿಸಿ ಹೇಳುತ್ತೇನೆ. ಶಾಲೆಯೋ, ಆಸ್ಪತ್ರೆಯೋ, ಸಹಕಾರಿ ಬ್ಯಾಂಕೋ, ಯಾವುದೇ ಇರಲಿ, ಅದರ ಯೋಗ್ಯತೆ ತಿಳಿಯಲು ಮುಂಬಾಗಿಲಿನ ಗ್ರಾನೈಟು ಫಲಕವನ್ನಾಗಲಿ, ಕಾರ್ಯದರ್ಶಿಗಳ ಕೋಣೆಯ ಸೋಫಾವನ್ನಾಗಲಿ ನೋಡಿ ಪ್ರಯೋಜನವಿಲ್ಲ. ಸ್ವಾಗತದ ಮೇಜಿನ ಗಾಜಿನ ಕೆಳಗೆ ಒಂದು ಹಾಳೆ ಇರುತ್ತದೆ. ಇಂಟರ್‌ಕಾಂ ನಂಬರುಗಳ ಪಟ್ಟಿ. ಅದನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿ. ಅಲ್ಲಿ ಯಾರಿಗೆ ಬೆಲೆ ಇದೆ, ಯಾರಿಗೆ ಇಲ್ಲ, ಯಾರು ಉತ್ತರ ಹೇಳಬೇಕಾದವರು, ಯಾರು ಹೇಳದೆ ತಪ್ಪಿಸಿಕೊಂಡವರು, ಎಲ್ಲವೂ ಎಕ್ಸ್‌ರೇ ಹಿಡಿದಂತೆ ಕಾಣುತ್ತದೆ.

ಕಡತಗಳಲ್ಲಿ ಇದಕ್ಕೆ 'ವಿಸ್ತರಣಾ ಸಂಖ್ಯೆ' ಎಂಬ ಗಂಭೀರವಾದ ಹೆಸರಿದೆ. ನಾವಾರೂ ಹಾಗೆ ಕರೆಯುವುದಿಲ್ಲ. 'ಎಕ್ಸ್‌ಟೆನ್ಷನ್' ಎನ್ನುತ್ತೇವೆ, ಇಲ್ಲವೇ 'ಇಂಟರ್‌ಕಾಂ ನಂಬರು' ಎನ್ನುತ್ತೇವೆ. ಹೊರಗಿನಿಂದ ಬರುವ ಲೈನು ಒಂದೋ ಎರಡೋ ಇರುತ್ತದೆ. ಅದು ಗೋಡೆಯ ಮೇಲಿನ ಒಂದು ಪೆಟ್ಟಿಗೆಗೆ ಬಂದು, ಅಲ್ಲಿಂದ ಕೋಣೆಕೋಣೆಗೆ ಕವಲೊಡೆಯುತ್ತದೆ. ಪ್ರತಿ ಕವಲಿಗೂ ಒಂದು ನಂಬರು. ಈ ಪೆಟ್ಟಿಗೆಗೆ ಇಪಿಎಬಿಎಕ್ಸ್ ಎಂದು ಹೆಸರು. ಕೆಲವು ಕಡೆ ಈಗ ಪೆಟ್ಟಿಗೆಯ ಜಾಗಕ್ಕೆ ಕಂಪ್ಯೂಟರು ಬಂದಿದೆ. ಆದರೂ ಕವಲುಗಳು, ನಂಬರುಗಳು ಹಾಗೆಯೇ ಉಳಿದಿವೆ.

ಇಷ್ಟು ಸಣ್ಣ ವಿಷಯಕ್ಕೆ ಒಂದು ಪ್ರಬಂಧವೇ ಎಂದು ನೀವು ಹುಬ್ಬೇರಿಸಬಹುದು. ನನ್ನ ವಾದ ಇಷ್ಟು: ಎಕ್ಸ್‌ಟೆನ್ಷನ್ ನಂಬರು ಕೆಲಸಕ್ಕೆ ಸೇರಿದ್ದು, ಮನುಷ್ಯರಿಗೆ ಸೇರಿದ್ದಲ್ಲ. ಈ ಒಂದು ಮಾತನ್ನು ಮರೆತ ಸಂಸ್ಥೆ ಹೊರಗಿನವರ ಸಮಯವನ್ನು ಹಾಳು ಮಾಡುತ್ತದೆ. ಒಳಗಿರುವ ಹೆಂಗಸರ ನೆಮ್ಮದಿಯನ್ನು ಕದಿಯುತ್ತದೆ. ಕೆಟ್ಟ ಗಳಿಗೆ ಬಂದರೆ ಪ್ರಾಣವನ್ನೂ ತೆಗೆಯುತ್ತದೆ.

ನಂಬರು ಎನ್ನುವುದು ಹುಟ್ಟಿದ್ದೇ ಈ ಕಾರಣಕ್ಕಾಗಿ. ಮೊದಮೊದಲು ಟೆಲಿಫೋನಿಗೆ ನಂಬರೇ ಇರಲಿಲ್ಲ. ಆಪರೇಟರಿಗೆ ಹೆಸರು ಹೇಳಿದರೆ ಆಕೆ ನೆನಪಿನಿಂದಲೇ ಸರಿಯಾದ ಜಾಗಕ್ಕೆ ತಂತಿ ಜೋಡಿಸುತ್ತಿದ್ದಳು. 1879ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಲೋವೆಲ್ ಎಂಬ ಊರಿನಲ್ಲಿ ದಡಾರ ಹಬ್ಬಿತು. ಅಲ್ಲಿನ ವೈದ್ಯ ಮೋಸೆಸ್ ಗ್ರೀಲಿ ಪಾರ್ಕರ್ ಅವರಿಗೆ ಒಂದು ಚಿಂತೆ ಹತ್ತಿತು: ಊರಿನ ನಾಲ್ವರು ಆಪರೇಟರುಗಳೂ ಒಟ್ಟಿಗೆ ಮಲಗಿಬಿಟ್ಟರೆ? ಹೊಸಬರನ್ನು ತಂದು ಕೂರಿಸಿದರೆ ಅವರಿಗೆ ಯಾರ ತಂತಿ ಯಾವುದೆಂದು ತಿಳಿಯುವುದು ಹೇಗೆ? ಹೆಸರಿನ ಬದಲು ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟುಬಿಡಿ ಎಂದು ಅವರು ಸಲಹೆ ಕೊಟ್ಟರು. ಅಂದರೆ, ಯಾರು ಇರಲಿ ಬಿಡಲಿ ಕೆಲಸ ನಿಲ್ಲಬಾರದು ಎಂಬ ಒಬ್ಬ ಡಾಕ್ಟರರ ಮುಂದಾಲೋಚನೆಯೇ ಟೆಲಿಫೋನ್ ನಂಬರಿನ ಮೂಲ.

ನಾವು ಮಾಡಿರುವುದೇನು? ನಂಬರನ್ನು ಇಟ್ಟುಕೊಂಡು, ಅದರ ಹಿಂದಿನ ಬುದ್ಧಿಯನ್ನು ಬಿಟ್ಟುಬಿಟ್ಟಿದ್ದೇವೆ.

ನಾನು ಪಾಠ ಮಾಡಿದ ಸಂಸ್ಥೆಯೊಂದರ ಪಟ್ಟಿಯನ್ನೇ ತೆಗೆದುಕೊಳ್ಳಿ. ಒಂದೇ ಕಾಂಪೌಂಡಿನಲ್ಲಿ ಪ್ರೌಢಶಾಲೆ, ಪಿಯು ಕಾಲೇಜು, ಹೆಣ್ಣುಮಕ್ಕಳ ಹಾಸ್ಟೆಲು. ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು ನಂಬರಿಗೆ ಜಾಗ, ಬಳಕೆಯಲ್ಲಿದ್ದದ್ದು ಹದಿನೇಳು. ಪಟ್ಟಿಯಲ್ಲಿ ಹುದ್ದೆಗಳಿರಲಿಲ್ಲ, ಹೆಸರುಗಳಿದ್ದವು. ಅದರಲ್ಲಿ ಮೂವರು ನಿವೃತ್ತರಾಗಿ, ಒಬ್ಬರು ತೀರಿಕೊಂಡೂ ಆಗಿತ್ತು. ಆ ಹಾಳೆಯ ಮೇಲೆ ತಾರೀಖಿಲ್ಲ, ಯಾರ ಸಹಿಯೂ ಇಲ್ಲ. ಮಗಳ ವರ್ಗಾವಣೆ ಪತ್ರ ಕೇಳಲು ದೂರದ ಹಳ್ಳಿಯಿಂದ ಫೋನು ಮಾಡಿದ ತಾಯಿಯ ಕರೆ, ನಿವೃತ್ತರಾದ ಗುಮಾಸ್ತರ ಖಾಲಿ ಕೋಣೆಯಲ್ಲಿ ಬಡಿದುಕೊಂಡು ಬಡಿದುಕೊಂಡು ನಿಲ್ಲುತ್ತಿತ್ತು. ಪಕ್ಕದ ಕೋಣೆಯಲ್ಲಿದ್ದವರು ಕೇಳಿಸಿಕೊಂಡರೂ ಏಳುತ್ತಿರಲಿಲ್ಲ, 'ಅದು ನಮ್ಮ ನಂಬರಲ್ಲವಲ್ಲ!' ಆ ತಾಯಿ ಮರುದಿನ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಬರಬೇಕು. ನಂಬರು ಯಾರೂ ಬದಲಾಯಿಸಲಿಲ್ಲ ಎಂಬ ಸೋಮಾರಿತನದ ಬೆಲೆಯನ್ನು ಸೋಮಾರಿಗಳು ತೆರುವುದಿಲ್ಲ. ಅದನ್ನು ತೆರುವವಳು ಆ ತಾಯಿ.

ಆಸ್ಪತ್ರೆಯಲ್ಲಿ ಇದೇ ರೋಗ ಇನ್ನೂ ಜೋರು. ನಮ್ಮ ಅತ್ತೆಯವರ ರಕ್ತಪರೀಕ್ಷೆಯ ಫಲಿತಾಂಶ ಕೇಳಲು ಒಂದು ಆಸ್ಪತ್ರೆಗೆ ಒಂದೇ ಬೆಳಿಗ್ಗೆ ಐದು ಸಲ ಫೋನು ಮಾಡಿದೆ. ಐದು ಸಲವೂ ಸ್ವಾಗತದ ಹುಡುಗಿ 'ಲ್ಯಾಬಿಗೆ ಕೊಡ್ತೀನಿ ಮೇಡಂ' ಎಂದಳು, ಐದು ಸಲವೂ ಅದು ಬಡಿದುಕೊಂಡು ಸತ್ತಿತು. ಕೊನೆಗೆ ನಾನೇ ಹೋಗಿ ನೋಡಿದರೆ, ಲ್ಯಾಬು ಹಿಂಬದಿಯ ಹೊಸ ಕಟ್ಟಡಕ್ಕೆ ಹೋಗಿ ನಾಲ್ಕು ತಿಂಗಳಾಗಿತ್ತು. ನಂಬರು ಮಾತ್ರ ಹಳೆಯ ಕೋಣೆಯಲ್ಲೇ, ಮುರಿದ ಮಂಚಗಳ ನಡುವೆ ಕೂತಿತ್ತು. ಲ್ಯಾಬಿನವರು ತಮ್ಮ ಸೂಕ್ಷ್ಮದರ್ಶಕವನ್ನು ಮರೆಯದೆ ತೆಗೆದುಕೊಂಡು ಹೋಗಿದ್ದರು. ಕುರ್ಚಿಗಳನ್ನೂ ಬಿಟ್ಟಿರಲಿಲ್ಲ. ಜನರು ತಮ್ಮನ್ನು ಕೇಳುವ ದಾರಿಯೊಂದನ್ನು ಬಿಟ್ಟು ಹೋಗಿದ್ದರು. ಇದನ್ನು ಮರೆವು ಎನ್ನಲು ನನಗೆ ಮನಸ್ಸು ಬಾರದು. ನಾಲ್ಕು ತಿಂಗಳು ಒಂದೂ ಫೋನು ಬಾರದಿದ್ದರೆ ಯಾಕೆ ಎಂದು ಯಾರಾದರೂ ಕೇಳಬೇಡವೆ? ಬಾರದಿದ್ದದ್ದೇ ಸುಖವಾಗಿತ್ತು!

ಇನ್ನು ನಂಬರು ಹಂಚುವ ರೀತಿ. ಬಹಳ ಕಡೆ ಇದು ಮದುವೆ ಮನೆಯ ಮೊದಲ ಪಂಕ್ತಿಯಂತೆ. ದೊಡ್ಡವರಿಗೆ ಮೊದಲು. ನಾನು ಹೇಳಿದ ಸಂಸ್ಥೆಯಲ್ಲಿ ವರ್ಷಕ್ಕೆ ಎರಡು ಬಾರಿ ಬರುವ ಅಧ್ಯಕ್ಷರಿಗೆ 101, ಕಾರ್ಯದರ್ಶಿಗೆ 102, ಅವರ ಆಪ್ತ ಸಹಾಯಕರಿಗೆ 103. ಹೀಗೆ ಮೇಜಿನ ಅಗಲಕ್ಕೆ ತಕ್ಕಂತೆ ನಂಬರು ಇಳಿದು ಬರುತ್ತಿತ್ತು. ಇನ್ನೂರು ಹೆಣ್ಣುಮಕ್ಕಳು ಮಲಗುವ ಹಾಸ್ಟೆಲಿಗೆ ನಂಬರಿಲ್ಲ. ಅಡುಗೆಮನೆಗಿಲ್ಲ, ಗೇಟಿನ ಕಾವಲುಗಾರನಿಗಿಲ್ಲ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಆಮ್ಲ ಇದೆ, ಗ್ಯಾಸಿದೆ, ಫೋನಿಲ್ಲ. ಮಗುವಿಗೆ ಜ್ವರ ಬಂದರೆ ಮಲಗಿಸುವ ಕೋಣೆಯಲ್ಲೂ ಇಲ್ಲ. ಆಯಾ ಮಹಡಿ ಇಳಿದು, ಮೈದಾನ ದಾಟಿ, ಆಫೀಸಿನ ಬಾಗಿಲಲ್ಲಿ ನಿಂತು, ಒಳಗಿನವರ ಮಾತು ಮುಗಿಯುವವರೆಗೆ ಕಾದು ಸುದ್ದಿ ಹೇಳಬೇಕು. ಎಲ್ಲಿ ಅಪಾಯ ಇದೆಯೋ, ಎಲ್ಲಿ ಹೆಂಗಸರು ಮೈಮುರಿದು ದುಡಿಯುತ್ತಾರೋ ಅಲ್ಲಿಗೆ ತಂತಿ ತಲುಪಿರಲಿಲ್ಲ, ಪೆಟ್ಟಿಗೆಯಲ್ಲಿ ಏಳು ನಂಬರು ಖಾಲಿ ಬಿದ್ದಿದ್ದರೂ!

ಆ 101ರ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಮಕ್ಕಳಿಗೆ ನಾವು ಬಾಯಿಪಾಠ ಮಾಡಿಸುವ ನಂಬರುಗಳನ್ನು ನೆನಪು ಮಾಡಿಕೊಳ್ಳಿ: ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101, ಆಂಬುಲೆನ್ಸಿಗೆ 108, ಎಲ್ಲಕ್ಕೂ ಸೇರಿ 112. ಎಲ್ಲವೂ ಒಂದರಿಂದ ಶುರುವಾಗುತ್ತವೆ. ಈಗ ಇಂಟರ್‌ಕಾಂ ನಂಬರುಗಳನ್ನೂ 101ರಿಂದ ಎಣಿಸುತ್ತಾ ಹೋದರೆ ಏನಾಗುತ್ತದೆ? ನಮ್ಮಲ್ಲಿ 112 ಎಂದರೆ ಕ್ಯಾಂಟೀನು! ಹೊರಗಿನ ಲೈನು ಬೇಕಾದರೆ ಮೊದಲು ಸೊನ್ನೆ ಒತ್ತಬೇಕು. ಗಾಬರಿಯಲ್ಲಿ ಆ ಸೊನ್ನೆ ಮರೆತು 112 ಒತ್ತಿದ ಹುಡುಗಿಗೆ ಸಿಗುವುದು ಪೊಲೀಸರಲ್ಲ, 'ಎಷ್ಟು ಕಾಫಿ?' ಎಂಬ ಪ್ರಶ್ನೆ. ಬೆಂಕಿ ಬಿತ್ತೆಂದು 101 ಒತ್ತಿದರೆ ಅಧ್ಯಕ್ಷರ ಖಾಲಿ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ.

ನಗಬೇಡಿ. ನಗುವ ವಿಷಯವಲ್ಲ ಎನ್ನುವುದನ್ನು ಅಮೆರಿಕದ ಟೆಕ್ಸಸ್ ರಾಜ್ಯದ ಮಾರ್ಷಲ್ ಎಂಬ ಊರು ತೋರಿಸಿಕೊಟ್ಟಿತು. 2013ರ ಡಿಸೆಂಬರ್ 1ರಂದು ಅಲ್ಲಿನ ಹೋಟೆಲೊಂದರ ಕೋಣೆಯಲ್ಲಿ ಕ್ಯಾರಿ ಹಂಟ್ ಎಂಬ ತಾಯಿಯ ಮೇಲೆ, ಆಕೆಯಿಂದ ದೂರವಾಗಿದ್ದ ಗಂಡನೇ ಹಲ್ಲೆ ಮಾಡಿ ಕೊಂದ. ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ಆ ದೇಶದ ತುರ್ತು ನಂಬರಾದ 911ಕ್ಕೆ ನಾಲ್ಕು ಸಲ ಪ್ರಯತ್ನಿಸಿದಳು. ನಾಲ್ಕು ಸಲವೂ ಕರೆ ಹೋಗಲಿಲ್ಲ. ಆ ಹೋಟೆಲಿನಲ್ಲಿ ಹೊರಗೆ ಫೋನು ಮಾಡಬೇಕಾದರೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ಮಗು ಶಾಲೆಯಲ್ಲಿ, ಮನೆಯಲ್ಲಿ ಕಲಿಸಿದ್ದನ್ನು ಸರಿಯಾಗಿಯೇ ಮಾಡಿತ್ತು. ತಪ್ಪಿದ್ದು ಪೆಟ್ಟಿಗೆಯನ್ನು ಹೊಂದಿಸಿದ ದೊಡ್ಡವರು. ಕ್ಯಾರಿಯ ತಂದೆ ಪಟ್ಟುಹಿಡಿದು ಹೋರಾಡಿದರು. 2018ರಲ್ಲಿ ಅಲ್ಲಿ ಆಕೆಯ ಹೆಸರಿನಲ್ಲೇ ಕಾನೂನು ಬಂದು, 2020ರ ಫೆಬ್ರವರಿ 16ರಿಂದ ಜಾರಿಯಾಯಿತು. ಅಂದಿನಿಂದ ಹಾಕುವ ಇಂಥ ಹೊಸ ವ್ಯವಸ್ಥೆಗಳಲ್ಲಿ ಯಾವ ಮುನ್ನಂಕಿಯೂ ಇಲ್ಲದೆ ನೇರವಾಗಿ 911 ಹೋಗಬೇಕು, ಜೊತೆಗೆ ಕಟ್ಟಡದ ಸ್ವಾಗತದ ಮೇಜಿಗೋ ಮತ್ತೊಂದು ಜವಾಬ್ದಾರಿಯ ಜಾಗಕ್ಕೋ ಸೂಚನೆ ಮುಟ್ಟಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು, ನಿಜ. ಆದರೆ ಅವರು ಬಾಗಿಲನ್ನಾದರೂ ಹಾಕಿದರು. ನಮ್ಮ ಹಾಸ್ಟೆಲುಗಳಲ್ಲಿ, ನರ್ಸಿಂಗ್ ಹೋಮುಗಳಲ್ಲಿ, ಲಾಡ್ಜುಗಳಲ್ಲಿ ಈ ಪ್ರಶ್ನೆಯನ್ನು ಯಾರು ಕೇಳಿದ್ದಾರೆ?

'ಅಯ್ಯೋ ಮೇಡಂ, ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ವಾಟ್ಸಾಪ್ ಗ್ರೂಪಿದೆ. ಇನ್ನೂ ಇಂಟರ್‌ಕಾಂ ಅಂತೀರಲ್ಲ' ಎನ್ನುವವರಿದ್ದಾರೆ. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಗಂಡಸರು, ಅದೂ ಫೋನು ಎತ್ತಲು ಬೇರೆ ಯಾರನ್ನೋ ಇಟ್ಟುಕೊಂಡವರು. ಮೊಬೈಲು ಒಬ್ಬ ವ್ಯಕ್ತಿಯ ಸೊತ್ತು. ಅವಳ ಜೊತೆ ಮನೆಗೆ ಹೋಗುತ್ತದೆ, ಅಡುಗೆಮನೆಗೆ ಹೋಗುತ್ತದೆ, ಮಲಗುವ ಕೋಣೆಗೂ ಹೋಗುತ್ತದೆ. ಕಚೇರಿಯ ಕೆಲಸವನ್ನು ಅದಕ್ಕೆ ಕಟ್ಟಿದರೆ ಕಚೇರಿಯೂ ಅಲ್ಲಿಗೆಲ್ಲ ಬರುತ್ತದೆ.

ನಮ್ಮಲ್ಲಿ ಹೊಸದಾಗಿ ಸೇರಿದ ಇಪ್ಪತ್ತೈದರ ಹುಡುಗಿಯೊಬ್ಬಳಿಗೆ ಎಂಟನೇ ತರಗತಿಯ ಉಸ್ತುವಾರಿ ಕೊಟ್ಟರು. ಅವಳನ್ನು ಒಂದು ಮಾತೂ ಕೇಳದೆ, ಅವಳ ಮೊಬೈಲ್ ನಂಬರನ್ನು ಅಚ್ಚು ಹಾಕಿಸಿ ಎಲ್ಲ ಮಕ್ಕಳ ಮನೆಗೂ ಚೀಟಿ ಕಳಿಸಿದರು. ಮೊದಲ ವಾರ 'ನಾಳೆ ಯೂನಿಫಾರ್ಮ್ ಯಾವುದು' ಎಂಬ ಫೋನುಗಳು, ರಾತ್ರಿ ಹತ್ತಕ್ಕೆ. ಎರಡನೆಯ ವಾರದಿಂದ ಶಾಲೆಗೆ ಸಂಬಂಧವೇ ಇಲ್ಲದ ಗಂಡುದನಿಗಳು, 'ಊಟ ಆಯ್ತಾ ಮಿಸ್' ಎಂಬ ಸಂದೇಶಗಳು. ಚೀಟಿ ಎಷ್ಟು ಕೈ ದಾಟಿತ್ತೋ ದೇವರೇ ಬಲ್ಲ. ಮನೆಯಲ್ಲಿ ಗಂಡ ಮುಖ ಗಂಟಿಕ್ಕಿದ, ಅತ್ತೆ ಮಾತು ಬಿಟ್ಟರು. ಹುಡುಗಿ ಸ್ಟಾಫ್‌ ರೂಮಿನಲ್ಲಿ ಕೂತು ಅತ್ತಳು.

ನಾನು ಕಾರ್ಯದರ್ಶಿಗಳ ಹತ್ತಿರ ಹೋಗಿ, 'ಸರ್, ಸ್ಟಾಫ್‌ ರೂಮಿಗೆ ಒಂದು ಎಕ್ಸ್‌ಟೆನ್ಷನ್ ಕೊಡಿ. ಸಂಜೆ ಮೂರೂವರೆಯಿಂದ ನಾಲ್ಕೂವರೆಯವರೆಗೆ ಸರದಿಯ ಮೇಲೆ ಒಬ್ಬೊಬ್ಬರು ಕೂತು ಪೋಷಕರಿಗೆ ಉತ್ತರ ಹೇಳುತ್ತೇವೆ. ಯಾರ ಮೊಬೈಲ್ ನಂಬರನ್ನೂ ಹೊರಗೆ ಕೊಡಬೇಡಿ' ಎಂದೆ.

'ಖರ್ಚು ಎಷ್ಟಾಗುತ್ತೆ ಗೊತ್ತೇನ್ರೀ ಮೇಡಂ?'

'ಗೊತ್ತು ಸರ್. ಪೆಟ್ಟಿಗೆಯಲ್ಲಿ ಏಳು ಖಾಲಿ ಇವೆ. ಒಂದು ಫೋನು, ನಲವತ್ತಡಿ ತಂತಿ. ಅಧ್ಯಕ್ಷರ ಕೋಣೆಯಲ್ಲಿ ಎರಡು ಫೋನಿವೆ, ಒಂದನ್ನು ಇಳಿಸಿದರೆ ಫೋನಿನ ಖರ್ಚೂ ಇಲ್ಲ.'

ಅವರಿಗೆ ಈ ಲೆಕ್ಕ ಹಿಡಿಸಲಿಲ್ಲ. ಆದರೆ ಹನ್ನೊಂದು ಜನ ಶಿಕ್ಷಕಿಯರು ಒಂದೇ ಕಾಗದದ ಮೇಲೆ ಸಹಿ ಹಾಕಿದ ಮೇಲೆ ಹಿಡಿಸಿತು.

ಎಕ್ಸ್‌ಟೆನ್ಷನ್ ಎನ್ನುವುದು ಕೆಲಸ ಮಾಡುವ ಹೆಂಗಸಿಗೆ ಒಂದು ಬಾಗಿಲು. ಕೆಲಸದ ಹೊತ್ತಿನಲ್ಲಿ ತೆರೆದಿರುತ್ತದೆ, ಸಂಜೆ ಮುಚ್ಚಬಹುದು. ಬಂದವರಿಗೆ ಅವಳ ಕೆಲಸ ಸಿಗುತ್ತದೆ, ಅವಳ ಮನೆ ಸಿಗುವುದಿಲ್ಲ. ಅವಳು ರಜೆ ಹಾಕಿದರೆ ಇನ್ನೊಬ್ಬಳು ಎತ್ತುತ್ತಾಳೆ. ಈಗಿನ ಹೊಸ ವ್ಯವಸ್ಥೆಗಳಲ್ಲಂತೂ ಆಫೀಸಿನ ಎಕ್ಸ್‌ಟೆನ್ಷನ್ ಮೊಬೈಲಿನಲ್ಲೇ ಬಾರಿಸುವಂತೆ, ಅವಳಿಂದ ಹೊರಗೆ ಹೋಗುವ ಕರೆಯಲ್ಲಿ ಸಂಸ್ಥೆಯ ನಂಬರಷ್ಟೇ ಕಾಣುವಂತೆ ಮಾಡಬಹುದು. ಇಷ್ಟಿದ್ದೂ ಹೆಣ್ಣುಮಕ್ಕಳ ಸ್ವಂತ ನಂಬರನ್ನು ಊರಿಗೆ ಹಂಚುವುದು ಅನುಕೂಲವಲ್ಲ, ಬೇಜವಾಬ್ದಾರಿ.

ಈ ಎಲ್ಲದರ ನಡುವೆ ಸಿಕ್ಕಿ ನಲುಗುವವಳು ಸ್ವಾಗತದ ಮೇಜಿನವಳು. 1878ರ ಸೆಪ್ಟೆಂಬರ್ 1ರಂದು ಬಾಸ್ಟನ್ನಿನಲ್ಲಿ ಎಮ್ಮಾ ನಟ್ ಎಂಬಾಕೆ ಜಗತ್ತಿನ ಮೊದಲ ಮಹಿಳಾ ಟೆಲಿಫೋನ್ ಆಪರೇಟರಾಗಿ ಕೆಲಸಕ್ಕೆ ಸೇರಿದಳು. ಅದಕ್ಕೆ ಮೊದಲು ಆ ಕೆಲಸಕ್ಕಿದ್ದ ಹುಡುಗರ ಒರಟು ಮಾತು ಗಿರಾಕಿಗಳಿಗೆ ಸಾಕಾಗಿತ್ತು. ಅಂದಿನಿಂದಲೂ ತಾಳ್ಮೆ ಹೆಂಗಸರದು ಎಂದು ಜಗತ್ತು ತೀರ್ಮಾನಿಸಿದೆ. ತಾಳ್ಮೆಯನ್ನು ತೆಗೆದುಕೊಂಡರು, ಅಧಿಕಾರ ಮಾತ್ರ ಕೊಡಲಿಲ್ಲ. ಯಾರು ವರ್ಗವಾದರು, ಯಾವ ವಿಭಾಗ ಯಾವ ಮಹಡಿಗೆ ಹೋಯಿತು ಎಂದು ಆಕೆಗೆ ಯಾರೂ ತಿಳಿಸುವುದಿಲ್ಲ. ತಪ್ಪು ಜಾಗಕ್ಕೆ ಕರೆ ಹೋದರೆ ಬೈಗುಳ ಮಾತ್ರ ಆಕೆಗೆ, ಹೊರಗಿನವರಿಂದ ಒಂದು ಸಲ, ಒಳಗಿನವರಿಂದ ಇನ್ನೊಂದು ಸಲ. ನಮ್ಮ ಸ್ವಾಗತದ ಹುಡುಗಿ ಒಮ್ಮೆ ನನಗೆ, 'ಮೇಡಂ, ಯಾರು ಬಿಟ್ಟು ಹೋದರು ಅಂತ ನನಗೆ ಗೊತ್ತಾಗೋದು ಬೀಳ್ಕೊಡುಗೆಯ ಸಿಹಿ ಬಂದಾಗ ಮಾತ್ರ' ಎಂದಳು. ಇದಕ್ಕಿಂತ ಚೆನ್ನಾಗಿ ಹೇಳಲು ನನ್ನಿಂದಾಗದು.

ಕೆಲವರು ಆಕೆಯನ್ನೂ ತೆಗೆದು ಮುದ್ರಿತ ದನಿಯನ್ನು ಕೂರಿಸಿದ್ದಾರೆ. 'ಇದಕ್ಕಾಗಿ ಒಂದನ್ನು ಒತ್ತಿ, ಅದಕ್ಕಾಗಿ ಎರಡನ್ನು ಒತ್ತಿ.' ಆ ದನಿಯೂ ಬಹಳ ಕಡೆ ಹೆಂಗಸಿನದೇ! ಸಂಬಳವಿಲ್ಲ, ರಜೆಯಿಲ್ಲ, ಎದುರಾಡುವುದಿಲ್ಲ. ಕೇಳಿಸಿಕೊಳ್ಳುವುದೂ ಇಲ್ಲ. ಕಣ್ಣು ಮಂಜಾದ ಮುದುಕಿ ಸಣ್ಣ ಅಂಕಿಗಳನ್ನು ಹುಡುಕಿ ಒತ್ತುವಷ್ಟರಲ್ಲಿ ಕರೆ ಕತ್ತರಿಸಿಹೋಗುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೇವೆ. ಇಲ್ಲಿ ಪೂಜಾರಿಯೇ ಇಲ್ಲ, ಗಂಟೆ ಮಾತ್ರ ಇದೆ.

ಇದೆಲ್ಲ ದೊಡ್ಡ ಪಟ್ಟಣದ ಸಮಸ್ಯೆ, ತಾಂತ್ರಿಕ ವಿಷಯ, ನಮಗೆ ತಿಳಿಯದು ಎಂದು ಹಿಂಜರಿಯಬೇಡಿ. ನಮ್ಮ ದೇಶದಲ್ಲೇ ತಯಾರಾದ ಸಿ-ಡಾಟ್ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ದಿಲ್ಲಿಯಲ್ಲಲ್ಲ, ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ. ಇಡೀ ಊರಿನ ಫೋನುಗಳನ್ನು ಒಂದು ಪೆಟ್ಟಿಗೆ ಅಚ್ಚುಕಟ್ಟಾಗಿ ನಡೆಸಬಲ್ಲದಾದರೆ, ಹದಿನೇಳು ಕೋಣೆಗಳ ಲೆಕ್ಕ ಇಡಲು ನಮಗೇನು ಧಾಡಿ?

ಬೇಕಾದದ್ದು ತರಗತಿಯ ಹಾಜರಿ ಪುಸ್ತಕ ಬಲ್ಲವರಿಗೆಲ್ಲ ಗೊತ್ತಿರುವ ಶಿಸ್ತು. ಪಟ್ಟಿಯಲ್ಲಿ ಹುದ್ದೆ ಇರಲಿ, ಹೆಸರು ಬೇಡ. ಮೇಲೆ ತಾರೀಖು, ಕೆಳಗೆ ಜವಾಬ್ದಾರರ ಸಹಿ. ಆ ಜವಾಬ್ದಾರಿಯನ್ನು ಸ್ವಾಗತದ ಹುಡುಗಿಗೇ ಕೊಡಿ, ಆದರೆ ಬರಹದಲ್ಲಿ ಕೊಡಿ. ಆಕೆಗೆ ತಿಳಿಸದೆ ಒಂದು ಫೋನೂ ಜಾಗ ಬಿಟ್ಟು ಕದಲಬಾರದು. ನಂಬರುಗಳನ್ನು ಒಂದರಿಂದ ಶುರು ಮಾಡಬೇಡಿ, ಸೊನ್ನೆ ಒಂಬತ್ತುಗಳಿಂದಲೂ ಬೇಡ. ಕೆಳಮಹಡಿಗೆ 200, ಮೇಲ್ಮಹಡಿಗೆ 300, ಹಾಸ್ಟೆಲಿಗೆ 400 ಎಂದಿಟ್ಟರೆ ಮಗುವಿಗೂ ನೆನಪಿರುತ್ತದೆ. ನಡುನಡುವೆ ಜಾಗ ಬಿಡಿ, ಸಂಸಾರ ಬೆಳೆಯುತ್ತದೆ. ಒಂದು ವಿಭಾಗ ಮುಚ್ಚಿದರೆ ಅದರ ನಂಬರನ್ನು ಮರುದಿನವೇ ಬೇರೆಯವರಿಗೆ ಕೊಡಬೇಡಿ. ಹೊಲವನ್ನು ಬೀಳು ಬಿಡುವಂತೆ ಕೆಲವು ತಿಂಗಳು ಬಿಟ್ಟು, ಅಲ್ಲಿಗೆ ಬಂದ ಕರೆ ಸ್ವಾಗತಕ್ಕೆ ತಿರುಗುವಂತೆ ಮಾಡಿ. ನಾಲ್ಕು ಸಲ ಬಾರಿಸಿಯೂ ಎತ್ತದ ಫೋನು ಪಕ್ಕದ ಮೇಜಿಗೆ ಹೋಗಲಿ, ಅಲ್ಲೂ ಎತ್ತದಿದ್ದರೆ ಸ್ವಾಗತಕ್ಕೆ ಮರಳಲಿ. ಇವನ್ನೆಲ್ಲ ಮಾಡುವ ಏರ್ಪಾಡು ಬಹುಪಾಲು ಪೆಟ್ಟಿಗೆಗಳಲ್ಲಿ ಈಗಾಗಲೇ ಇದೆ. ಮುದ್ರಿತ ದನಿ ಇಡಲೇಬೇಕೆಂದರೆ ಇಡಿ, ಆದರೆ ಏನೂ ಒತ್ತದವರಿಗೆ ಕೊನೆಗೊಬ್ಬ ಮನುಷ್ಯರು ಸಿಗಲಿ. ಎಲ್ಲಕ್ಕಿಂತ ಮುಖ್ಯ, 112 ಎಂದರೆ 112ಕ್ಕೇ ಹೋಗಲಿ, ಸೊನ್ನೆ ಒತ್ತಿದರೂ ಸೈ, ಒತ್ತದಿದ್ದರೂ ಸೈ.

ಇನ್ನೊಂದು ಮಾತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಹೆಂಗಸರ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು, ಅದನ್ನು ರಚಿಸಿದ ಆದೇಶವನ್ನು ಎದ್ದು ಕಾಣುವ ಜಾಗದಲ್ಲಿ ಹಾಕಬೇಕೆಂದು 2013ರ ಕಾನೂನು ಹೇಳುತ್ತದೆ. ಆ ಹಾಳೆಯ ಪಕ್ಕದಲ್ಲೇ ಸಮಿತಿಯ ಅಧ್ಯಕ್ಷೆಯ ಎಕ್ಸ್‌ಟೆನ್ಷನ್ ನಂಬರೂ ಇರಲಿ. ದೂರು ಹೇಳಬೇಕಾದವಳು ಯಾರ ಕಣ್ಣಿಗೂ ಬೀಳದೆ ಮಾತಾಡುವಂತಿರಲಿ. ಆ ಕರೆ ಅಧ್ಯಕ್ಷೆಯ ಕೈಗೇ ಹೋಗಲಿ, ಅವಳು ದೂರುವ ಮನುಷ್ಯನ ಮೇಜಿನ ಮೇಲೆ ಬಾರಿಸದಿರಲಿ.

ಸೋದರಿಯರೇ, ಬರುವ ಸೋಮವಾರ ನಿಮ್ಮ ಕಚೇರಿಯ ಪಟ್ಟಿಯನ್ನು ಕೈಗೆತ್ತಿಕೊಳ್ಳಿ. ಒಂದು ಪೆನ್ಸಿಲು ಹಿಡಿದು ಒಂದೊಂದೇ ನಂಬರು ಒತ್ತುತ್ತಾ ಹೋಗಿ. ಎತ್ತಿದವರ ಮುಂದೆ ಗೀಟು, ಎತ್ತದವರ ಮುಂದೆ ಸೊನ್ನೆ. ಒಂದರಿಂದ ಶುರುವಾಗುವ ನಂಬರುಗಳನ್ನು ಮಾತ್ರ ಒತ್ತಬೇಡಿ. 112, 101ರಂಥವಕ್ಕೆ ಪರೀಕ್ಷೆಗೆಂದು ಕರೆ ಹೋಗಬಾರದು. ಅವು ಎಲ್ಲಿಗೆ ಹೋಗುತ್ತವೆ ಎಂದು ಪೆಟ್ಟಿಗೆ ರಿಪೇರಿಗೆ ಬರುವವನನ್ನೇ ಕೇಳಿ, ಬಾಯಿಮಾತಿನಲ್ಲಿ ಬೇಡ, ಬರೆಸಿಕೊಳ್ಳಿ. ಆಮೇಲೆ ಯಾವ ಯಾವ ಕೋಣೆಯಲ್ಲಿ ಫೋನೇ ಇಲ್ಲ ಎಂದು ಇನ್ನೊಂದು ಪಟ್ಟಿ ಮಾಡಿ. ಆ ಎರಡನೆಯ ಪಟ್ಟಿ ಮೊದಲನೆಯದಕ್ಕಿಂತ ಮುಖ್ಯ. ಎರಡನ್ನೂ ಸೇರಿಸಿ, ಕೆಳಗೆ ಸಹಿ ಹಾಕಿ, ಜೊತೆಗೆ ಇನ್ನು ಹತ್ತು ಜನರ ಸಹಿ ಹಾಕಿಸಿ ಮೇಲಿನವರ ಮೇಜಿನ ಮೇಲಿಡಿ. ನನ್ನ ಅನುಭವದಲ್ಲಿ, ಒಂದು ಸಹಿ ಇರುವ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ. ಹನ್ನೊಂದು ಸಹಿ ಇರುವ ಕಾಗದಕ್ಕೆ ನಲವತ್ತಡಿ ತಂತಿ ಬರುತ್ತದೆ.